ಊಹೆ ಸರಿಯಿತ್ತು, ಷೇರು ಬಿತ್ತು

ಕತ್ತಲೆ ಕೋಣೆಯಲ್ಲಿ ಫೇಸ್ ಐಡಿ ಇರುವ ಐಫೋನನ್ನು ಮುಖದ ಮುಂದೆ ಹಿಡಿಯಿರಿ. ಪಕ್ಕದಲ್ಲಿರುವವರಿಗೆ ಇನ್ನೊಂದು ಫೋನಿನ ಕ್ಯಾಮೆರಾವನ್ನು ಅದರ ಕಡೆ ತಿರುಗಿಸಲು ಹೇಳಿ. ಬರಿಗಣ್ಣಿಗೆ ಏನೂ ಕಾಣದ ಜಾಗದಲ್ಲಿ, ಕ್ಯಾಮೆರಾದ ಪರದೆ ಮೇಲೆ ನೇರಳೆ ಬಣ್ಣದ ಚುಕ್ಕೆಯೊಂದು ಮಿಣಮಿಣ ಅನ್ನುವುದು ಕಾಣಬಹುದು. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಅದು 940 ನ್ಯಾನೋಮೀಟರ್ ತರಂಗದ ಇನ್‌ಫ್ರಾರೆಡ್ ಬೆಳಕು. ಲೇಸರಿನಿಂದ ಬಂದದ್ದು. ನಿಮ್ಮ ಮುಖದ ಮೇಲೆ 30,000ಕ್ಕೂ ಜಾಸ್ತಿ ಚುಕ್ಕೆ ಚೆಲ್ಲಿ, ಮೂಗು ಎಷ್ಟು ಮುಂದೆ, ಕಣ್ಣು ಎಷ್ಟು ಒಳಗೆ ಅಂತ ಫೋನು ಅಳೆದುಕೊಳ್ಳುತ್ತದೆ.

ಆ ಬೆಳಕು ಬರುವ ಚಿಪ್ಪು ಹೆಚ್ಚುಕಮ್ಮಿ ಸಾಸಿವೆ ಕಾಳಿನಷ್ಟು. ಅದರ ಹರಳನ್ನು ಬೆಳೆಸಿಕೊಡುವವರು ಯಾರು ಎಂಬ ಪ್ರಶ್ನೆ 2017ರಲ್ಲಿ ಲಂಡನ್ ಷೇರುಪೇಟೆಯ ಒಂದು ಕಂಪನಿಯ ಬೆಲೆಯನ್ನು ವರ್ಷದೊಳಗೆ ಸುಮಾರು ನಾಲ್ಕು ಪಟ್ಟು ಏರಿಸಿತು. ಊಹೆ ಮಾಡಿದವರು ಹೇಳಿದ್ದು ಬಹುಮಟ್ಟಿಗೆ ನಿಜವೇ ಆಗಿತ್ತು. ಆದರೂ ತಡವಾಗಿ ಕೊಂಡವರ ದುಡ್ಡು ಕರಗಿಹೋಯಿತು. ಈಗ ಎಐ ಡೇಟಾ ಸೆಂಟರುಗಳ ಹೆಸರಿನಲ್ಲಿ ಅದೇ ಆಟ ಇನ್ನೊಂದು ಹರಳಿನ ಸುತ್ತ ನಡೆಯುತ್ತಿದೆ. ಆಟ ಅರ್ಥ ಆಗಬೇಕಾದರೆ ಮೊದಲು ಹರಳು ಅರ್ಥ ಆಗಬೇಕು.

ಸಿಲಿಕಾನ್ ಯಾಕೆ ಸಾಲದು

ಕಂಪ್ಯೂಟರು, ಫೋನು, ಕಾರು, ಎಲ್ಲದರ ಮಿದುಳೂ ಸಿಲಿಕಾನೇ. ಆದರೆ ಬೆಳಕು ಕೊಡು ಅಂದರೆ ಸಿಲಿಕಾನ್ ಕೈ ಚೆಲ್ಲುತ್ತದೆ. ಅರೆವಾಹಕದ ಒಳಗೆ ಎಲೆಕ್ಟ್ರಾನ್ ಮೇಲಿನ ಮಟ್ಟದಿಂದ ಕೆಳಗಿನ ಮಟ್ಟಕ್ಕೆ ಬೀಳುವಾಗ ಕಳೆದುಕೊಳ್ಳುವ ಶಕ್ತಿ ಬೆಳಕಾಗಿ ಹೊರಬರಬೇಕು. ಗ್ಯಾಲಿಯಮ್ ಆರ್ಸೆನೈಡ್ ಎಂಬ ಇನ್ನೊಂದು ಅರೆವಾಹಕ ಹರಳಿನಲ್ಲಿ ಅದು ಅಟ್ಟದಿಂದ ನೇರ ಕೆಳಕ್ಕೆ ಧುಮುಕಿದ ಹಾಗೆ. ಸಿಲಿಕಾನಿನಲ್ಲಿ ಹಾಗಲ್ಲ. ಕೆಳಗಿಳಿಯುವ ಜಾಗ ಸ್ವಲ್ಪ ಪಕ್ಕದಲ್ಲಿದೆ. ಅಲ್ಲಿಗೆ ಸರಿಯಲು ಹರಳಿನ ಕಂಪನ ಬಂದು ತಳ್ಳಬೇಕು. ಆ ತಳ್ಳು ಸಿಗುವುದು ಅಪರೂಪ. ಕಾಯುತ್ತಿರುವಷ್ಟರಲ್ಲಿ ಶಕ್ತಿಯೆಲ್ಲ ಬೇರೆ ದಾರಿ ಹಿಡಿದು ಶಾಖವಾಗಿ ಹೋಗಿರುತ್ತದೆ.

ಹಾಗಾಗಿ ಮೊದಲ ಅರೆವಾಹಕ ಲೇಸರ್ ಬಂದದ್ದೇ ಗ್ಯಾಲಿಯಮ್ ಆರ್ಸೆನೈಡಿನಿಂದ. 1962ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರಾಬರ್ಟ್ ಹಾಲ್ ತಂಡ ಅದನ್ನು ಮಾಡಿ ತೋರಿಸಿತು. ದ್ರವ ನೈಟ್ರೋಜನಿನಲ್ಲಿ ತಣ್ಣಗಿಟ್ಟರೆ ಮಾತ್ರ ಅದು ಕೆಲಸ ಮಾಡುತ್ತಿತ್ತು. ಮನೆಯ ತಾಪಮಾನದಲ್ಲಿ ನಿಲ್ಲದೆ ಉರಿಯುವ ಲೇಸರ್ ಬಂದದ್ದು 1970ರಲ್ಲಿ. ಬೇರೆ ಬೇರೆ ವಸ್ತುಗಳ ತೆಳು ಪದರಗಳನ್ನು ಒಂದರ ಮೇಲೊಂದು ಕೂರಿಸಿ ಎಲೆಕ್ಟ್ರಾನುಗಳನ್ನು ನಡುವೆ ಸಿಕ್ಕಿಸುವ ಉಪಾಯ ಅದಕ್ಕೆ ಕಾರಣ. ಆ ಉಪಾಯಕ್ಕಾಗಿ ಜೋರೆಸ್ ಆಲ್ಫೆರೊವ್ ಮತ್ತು ಹರ್ಬರ್ಟ್ ಕ್ರೋಮರ್ 2000ದ ನೊಬೆಲ್ ಹಂಚಿಕೊಂಡರು.

ಇಲ್ಲಿಂದ ಎರಡು ಹರಳುಗಳ ಕವಲು. ಗ್ಯಾಲಿಯಮ್ ಆರ್ಸೆನೈಡ್ 850, 940 ನ್ಯಾನೋಮೀಟರಿನ ಆಸುಪಾಸಿನ ಬೆಳಕಿಗೆ ಒಗ್ಗುತ್ತದೆ. ಮುಖ ಗುರುತಿಸುವುದು, ಹತ್ತಿರದ ಎರಡು ಸರ್ವರುಗಳ ನಡುವಿನ ನೂರು ಮೀಟರ್ ಒಳಗಿನ ಸಂಪರ್ಕ, ಇವೆಲ್ಲ ಅದರ ಕೆಲಸ. ದೂರ ಹೋಗಬೇಕಾದರೆ 1310 ಇಲ್ಲವೇ 1550 ನ್ಯಾನೋಮೀಟರ್ ಬೇಕು, ಯಾಕೆಂದರೆ ಗಾಜಿನ ಫೈಬರಿನಲ್ಲಿ ಆ ಬೆಳಕು ಚೆನ್ನಾಗಿ ಸಾಗುತ್ತದೆ. 1550ರಲ್ಲಂತೂ ಕಿಲೋಮೀಟರಿಗೆ 0.2 ಡೆಸಿಬೆಲ್ ಮಾತ್ರ ಸವೆತ. ಅಂದರೆ 15 ಕಿಲೋಮೀಟರ್ ಹೋದ ಮೇಲೂ ಅರ್ಧ ಬೆಳಕು ಉಳಿದಿರುತ್ತದೆ. ಆ ಬೆಳಕಿಗೆ ಇಂಡಿಯಮ್ ಫಾಸ್ಫೈಡ್ ಎಂಬ ಎರಡನೇ ಹರಳು ಬೇಕು.

ಸಿಲಿಕಾನ್ ಮೇಲೇ ಈ ಪದರಗಳನ್ನು ಬೆಳೆಸಿಬಿಟ್ಟರೆ ಆಗದೇ? ದಶಕಗಳಿಂದ ಜನ ಕೇಳುತ್ತಿರುವ ಪ್ರಶ್ನೆ. ತೊಂದರೆ ಇರುವುದು ಅಳತೆಯಲ್ಲಿ. ಹರಳಿನಲ್ಲಿ ಅಣುಗಳು ಗೋಡೆಯ ಇಟ್ಟಿಗೆಗಳ ಹಾಗೆ ಸಾಲಾಗಿ ಕೂತಿರುತ್ತವೆ. ಸಿಲಿಕಾನಿನ ಇಟ್ಟಿಗೆ 5.43 ಆಂಗ್‌ಸ್ಟ್ರಾಮ್ (ನ್ಯಾನೋಮೀಟರಿನ ಹತ್ತನೇ ಒಂದು ಭಾಗಕ್ಕೆ ಈ ಹೆಸರು), ಗ್ಯಾಲಿಯಮ್ ಆರ್ಸೆನೈಡಿನದು 5.65, ಇಂಡಿಯಮ್ ಫಾಸ್ಫೈಡಿನದು 5.87. ಒಂದು ಅಳತೆಯ ಇಟ್ಟಿಗೆ ಸಾಲಿನ ಮೇಲೆ ನೂರಕ್ಕೆ ಎಂಟರಷ್ಟು ದೊಡ್ಡ ಇಟ್ಟಿಗೆ ಇಡುತ್ತಾ ಹೋದರೆ ಏನಾಗುತ್ತದೆ? ಎಲ್ಲೋ ಒಂದು ಕಡೆ ಸಾಲು ತಪ್ಪುತ್ತದೆ, ಬಿರುಕು ಏಳುತ್ತದೆ. ಲೇಸರಿಗೆ ಆ ಬಿರುಕು ಮಾರಕ. ಸಿಲಿಕಾನ್ ಫೋಟಾನಿಕ್ಸ್ ಅಂತ ಇವತ್ತು ಕೇಳಿಬರುವ ತಂತ್ರಜ್ಞಾನದಲ್ಲೂ ಬೆಳಕನ್ನು ಸಾಗಿಸುವುದು, ತಿರುಗಿಸುವುದು ಸಿಲಿಕಾನ್. ಬೆಳಕು ಹುಟ್ಟುವುದು ಮಾತ್ರ ಪಕ್ಕದಲ್ಲಿ ಅಂಟಿಸಿದ ಇಲ್ಲವೇ ಹೊರಗಿಟ್ಟ ಇಂಡಿಯಮ್ ಫಾಸ್ಫೈಡ್ ಲೇಸರಿನಲ್ಲೇ.

ಚಿರೋಟಿ ಮಾಡುವವರು

ಫೋನಿನ ಕಂಪನಿಯಿಂದ ಹಿಂದಕ್ಕೆ ನಡೆಯುತ್ತಾ ಹೋಗೋಣ. ಫೋನಿನವರು ಲೇಸರ್ ಇರುವ ಮಾಡ್ಯೂಲ್ ಕೊಳ್ಳುತ್ತಾರೆ. ಮಾಡ್ಯೂಲಿಗೆ ಚಿಪ್ ಬೇಕು. ಚಿಪ್ ಮಾಡುವವರಿಗೆ ಮೇಲೆ ಪದರಗಳನ್ನು ಬೆಳೆಸಿದ ತೆಳು ಬಿಲ್ಲೆ, ಅಂದರೆ ವೇಫರ್ ಬೇಕು. ಪದರ ಬೆಳೆಸುವವರಿಗೆ ಕೆಳಗೆ ಹಾಸಲು ಬರಿಯ ಹರಳಿನ ಬಿಲ್ಲೆ ಬೇಕು, ಅದಕ್ಕೆ ಸಬ್‌ಸ್ಟ್ರೇಟ್ ಅನ್ನುತ್ತಾರೆ. ಬಿಲ್ಲೆ ಮಾಡುವವರಿಗೆ ಗ್ಯಾಲಿಯಮ್, ಇಂಡಿಯಮ್ ಲೋಹ ಬೇಕು. ಒಂದೊಂದು ಮೆಟ್ಟಿಲಿನಲ್ಲೂ ಬೇರೆ ಬೇರೆ ಕಂಪನಿ. ಊಹೆಗೆ ಜಾಗ ಸಿಗುವುದೇ ಈ ಮೆಟ್ಟಿಲುಗಳ ನಡುವಿನ ಕತ್ತಲೆಯಲ್ಲಿ.

ನನಗೆ ಬಹಳ ಇಷ್ಟವಾದ ಮೆಟ್ಟಿಲು ಪದರ ಬೆಳೆಸುವುದು. ಎಪಿಟಾಕ್ಸಿ ಅನ್ನುತ್ತಾರೆ, ಒಳಗಿನವರ ಬಾಯಲ್ಲಿ ಬರೀ 'ಎಪಿ'. ಬಿಲ್ಲೆಗಳನ್ನು ಒಂದು ಒಲೆಯೊಳಗೆ ಇಟ್ಟು ಆರೇಳು ನೂರು ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ತಿರುಗಿಸುತ್ತಾರೆ. ಮೇಲಿನಿಂದ ಗ್ಯಾಲಿಯಮ್, ಅಲ್ಯುಮಿನಿಯಮ್ ಹೊತ್ತ ಆವಿ, ಜೊತೆಗೆ ಆರ್ಸೀನ್ ಎಂಬ ಕಡುವಿಷದ ಅನಿಲ. ಬಿಸಿ ಬಿಲ್ಲೆ ಮುಟ್ಟಿದ ತಕ್ಷಣ ಅವು ಒಡೆದು ಅಣು ಅಣುವಾಗಿ ಕೂರುತ್ತವೆ. ಅನಿಲದ ನಲ್ಲಿ ಬದಲಿಸಿದರೆ ಪದರ ಬದಲಾಗುತ್ತದೆ. ಫೋನಿನಲ್ಲಿ ಬಳಸುವ ಲೇಸರಿಗೆ ವಿಕ್ಸೆಲ್ ಎಂದು ಹೆಸರು. ಟೋಕಿಯೋದ ಕೆನಿಚಿ ಇಗಾ 1977ರಲ್ಲಿ ಕಲ್ಪಿಸಿಕೊಂಡದ್ದು. ಚಿಪ್ಪಿನ ಅಂಚಿನಿಂದಲ್ಲ, ನೆತ್ತಿಯಿಂದ ಬೆಳಕು ಬಿಡುವ ಲೇಸರ್ ಇದು. ಇದರಲ್ಲಿ ಮೇಲೊಂದು ಕನ್ನಡಿ, ಕೆಳಗೊಂದು ಕನ್ನಡಿ. ಕನ್ನಡಿಯೆಂದರೆ ಗಾಜಿನದಲ್ಲ. ಎರಡು ವಸ್ತುಗಳ ಪದರ ಒಂದಾದ ಮೇಲೊಂದು, ಚಿರೋಟಿಯ ಹಾಗೆ, ಹತ್ತಾರು ಜೋಡಿ. ಒಂದೊಂದು ಪದರವೂ ಸುಮಾರು 70–80 ನ್ಯಾನೋಮೀಟರ್. ನಡುವೆ ಬೆಳಕು ಹುಟ್ಟುವ ಪದರಗಳು ಹತ್ತು ನ್ಯಾನೋಮೀಟರಿಗಿಂತ ತೆಳು. ನಮ್ಮ ತಲೆಗೂದಲು ಅದರ ಸಾವಿರಾರು ಪಟ್ಟು ದಪ್ಪ.

ಇದರಲ್ಲಿ ಕೈ ಎಷ್ಟು ನೆಟ್ಟಗಿರಬೇಕು ನೋಡಿ. ಪದರಗಳ ದಪ್ಪ ಶೇ. 1ರಷ್ಟು ತಪ್ಪಿದರೆ ಬೆಳಕಿನ ಬಣ್ಣವೂ ಹೆಚ್ಚುಕಮ್ಮಿ ಶೇ. 1ರಷ್ಟು ಸರಿಯುತ್ತದೆ. 940 ಹೋಗಿ 949 ಆಗುತ್ತದೆ. ಬಿಸಿಲಿನಲ್ಲಿ 940ರ ಹತ್ತಿರದ ಬೆಳಕನ್ನು ಗಾಳಿಯ ನೀರಾವಿ ಹೀರಿಕೊಳ್ಳುವುದರಿಂದ ಅಲ್ಲಿ ಸೂರ್ಯನ ಗದ್ದಲ ಕಮ್ಮಿ. ಅದಕ್ಕೇ ಆ ಸಂಖ್ಯೆ ಆರಿಸಿಕೊಂಡದ್ದು. ಕ್ಯಾಮೆರಾದ ಮುಂದಿನ ಫಿಲ್ಟರು ಕಿರಿದಾಗಿರುತ್ತದೆ, ಬಣ್ಣ ಸರಿದರೆ ಲೇಸರ್ ಉರಿದರೂ ಫೋನು ಕುರುಡು. ಹಾಗಾಗಿ ದೊಡ್ಡ ಕಂಪನಿಯೊಂದು ಎಪಿ ಸರಬರಾಜುದಾರನನ್ನು ಒಪ್ಪಿಕೊಳ್ಳುವ ಮೊದಲು ತಿಂಗಳುಗಟ್ಟಲೆ ಪರೀಕ್ಷೆ ಮಾಡುತ್ತದೆ. ಇದಕ್ಕೆ ಕ್ವಾಲಿಫಿಕೇಶನ್ ಅಂತ ಹೆಸರು. ಒಮ್ಮೆ ಒಳಗೆ ಸೇರಿದವರನ್ನು ಸುಲಭವಾಗಿ ಬಿಡುವುದಿಲ್ಲ, ಅಲ್ವಾ? ಹೂಡಿಕೆದಾರರ ವಾದದ ಬೇರು ಇದೇ.

ಕಾರ್ಡಿಫ್‌ನ ಕಥೆ

ವೇಲ್ಸ್‌ನ ಕಾರ್ಡಿಫ್‌ನಲ್ಲಿ ಐಕ್ಯೂಇ ಎಂಬ ಕಂಪನಿ ಇದೆ. ಅದರ ಕೆಲಸ ಎಪಿ. 2017ರ ಶುರುವಿನಲ್ಲಿ ಅದರ ಷೇರು 40 ಪೆನ್ಸ್ ಆಸುಪಾಸಿನಲ್ಲಿತ್ತು. ಮುಂದಿನ ಐಫೋನಿನಲ್ಲಿ ಮುಖ ಗುರುತಿಸುವ ಲೇಸರ್ ಬರುತ್ತದೆ ಎಂಬ ಸುದ್ದಿ ಆಗಲೇ ಹರಿದಾಡುತ್ತಿತ್ತು. ಆಪಲ್ ತನ್ನ ಸರಬರಾಜುದಾರರ ಬಾಯಿ ಕಟ್ಟಿಹಾಕುವುದರಲ್ಲಿ ಎತ್ತಿದ ಕೈ. ಐಕ್ಯೂಇ ಕೂಡ ಗಿರಾಕಿಯ ಹೆಸರು ಎತ್ತಲಿಲ್ಲ. ವಿಕ್ಸೆಲ್ ವೇಫರುಗಳ ದೊಡ್ಡ ಪ್ರಮಾಣದ ಉತ್ಪಾದನೆ ಶುರುವಾಗಿದೆ ಎಂದಷ್ಟೇ ಹೇಳಿತು. ಉಳಿದದ್ದನ್ನು ಜನ ತುಂಬಿಕೊಂಡರು. ಅಮೆರಿಕದಲ್ಲಿ ಲುಮೆಂಟಮ್ ಎಂಬ ಕಂಪನಿ ಆಪಲ್‌ಗೆ ಚಿಪ್ ಕೊಡುತ್ತಿದೆ ಎನ್ನುವುದು ಬಹುಮಂದಿಗೆ ಗೊತ್ತಿತ್ತು. ಹಾಗಾದರೆ ಲುಮೆಂಟಮ್‌ಗೆ ಎಪಿ ಕೊಡುತ್ತಿರುವವರು ಯಾರು? ಇಷ್ಟು ಪ್ರಮಾಣದಲ್ಲಿ ಮಾಡಬಲ್ಲವರು ಜಗತ್ತಿನಲ್ಲಿ ಎಷ್ಟು ಜನ ಇದ್ದಾರೆ? ಬೆರಳೆಣಿಕೆಯಷ್ಟು. ಲೆಕ್ಕ ಕೂಡಿತು.

ಸೆಪ್ಟೆಂಬರಿನಲ್ಲಿ ಐಫೋನ್ ಟೆನ್ ಘೋಷಣೆಯಾಯಿತು. ಫೇಸ್ ಐಡಿಯೂ ಬಂತು. ನವೆಂಬರ್ ಹೊತ್ತಿಗೆ ಐಕ್ಯೂಇ ಷೇರು 170 ಪೆನ್ಸ್ ದಾಟಿತ್ತು. ಅದೇ ತಿಂಗಳು ಕಂಪನಿ 140 ಪೆನ್ಸ್ ದರದಲ್ಲಿ ಹೊಸ ಷೇರು ಮಾರಿ 9.5 ಕೋಟಿ ಪೌಂಡ್ ಎತ್ತಿತು. ನ್ಯೂಪೋರ್ಟ್‌ನಲ್ಲಿ ಎಲ್‌ಜಿ ಚಿಪ್ ಕಾರ್ಖಾನೆಗೆಂದು ಕಟ್ಟಿ ಖಾಲಿ ಬಿದ್ದಿದ್ದ ಕಟ್ಟಡದಲ್ಲಿ ಹೊಸ ಘಟಕ. ನೂರು ಒಲೆಗಳ ತನಕ ಇಡಲು ಜಾಗ. ಚಿಪ್ ಬರಬೇಕಿದ್ದು ಬಾರದೇ ಹೋದ ಕಟ್ಟಡದಲ್ಲೇ ಹೊಸ ಕನಸು ಕಾಣುವುದು ಸ್ವಲ್ಪ ಅಪಶಕುನದ ಹಾಗೆ ಕಾಣುತ್ತದೆ, ಆದರೆ ಆಗ ಯಾರಿಗೂ ಹಾಗನಿಸಲಿಲ್ಲ.

2018ರ ಫೆಬ್ರವರಿಯಲ್ಲಿ ಷೇರು ಬೀಳಲಿ ಎಂದು ಪಣ ಕಟ್ಟುವ ಶಾಡೋಫಾಲ್, ಮಡ್ಡಿ ವಾಟರ್ಸ್ ಎಂಬ ಎರಡು ಸಂಸ್ಥೆಗಳು ಐಕ್ಯೂಇಯ ಜಂಟಿ ಉದ್ಯಮದ ಲೆಕ್ಕ ಬರೆಯುವ ರೀತಿಯನ್ನು ಪ್ರಶ್ನಿಸಿದವು. ಕಂಪನಿ ಆರೋಪ ತಳ್ಳಿಹಾಕಿತು. ಷೇರು ಅಲುಗಾಡಿತು. ನಿಜವಾದ ಪೆಟ್ಟು ಬಿದ್ದದ್ದು ನವೆಂಬರ್ 12ರಂದು. ಆ ದಿನ ಲುಮೆಂಟಮ್ ತನ್ನ ಅಂದಾಜು ಇಳಿಸಿತು. ತ್ರೀಡಿ ಸೆನ್ಸಿಂಗ್, ಅಂದರೆ ಮುಖದ ಉಬ್ಬುತಗ್ಗು ಅಳೆಯುವಂಥ ಕೆಲಸದ ಲೇಸರ್ ಕೊಳ್ಳುವ ದೊಡ್ಡ ಗಿರಾಕಿಯೊಬ್ಬರು ಸರಕು ಗಣನೀಯವಾಗಿ ಕಮ್ಮಿ ಮಾಡಲು ಹೇಳಿದ್ದಾರೆ ಎಂದು ಪ್ರಕಟಿಸಿತು. ಅದರ ಷೇರು ಒಂದೇ ದಿನದಲ್ಲಿ ಮೂರನೇ ಒಂದರಷ್ಟು ಕುಸಿಯಿತು. ಬೆನ್ನಿಗೇ ಐಕ್ಯೂಇ ಕೂಡ ತನ್ನ ಲಾಭ ಇಳಿಯುತ್ತದೆ ಎಂದು ಎಚ್ಚರಿಸಿತು. ಅದರ ಷೇರೂ ಬಿತ್ತು.

ಇಲ್ಲಿರುವ ವ್ಯಂಗ್ಯ ನೋಡಿ. ಆಪಲ್, ಲುಮೆಂಟಮ್, ಐಕ್ಯೂಇ ಎಂಬ ಸರಪಳಿ ಇದೆ ಅಂತ ಎರಡು ವರ್ಷ ಜನ ವಾದಿಸಿದ್ದರು. ಅದಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಪುರಾವೆ ಸಿಕ್ಕಿದ್ದು ಸರಪಳಿಯ ಒಂದು ತುದಿ ಜಗ್ಗಿದಾಗ ಇನ್ನೊಂದು ತುದಿಯೂ ಅದೇ ದಿನ ಉರುಳಿದ್ದರಿಂದ. ಊಹೆ ಸಾಬೀತಾದ ದಿನವೇ ಊಹಿಸಿದವರ ದುಡ್ಡು ಹೋಯಿತು.

ಐಕ್ಯೂಇಯ ವರಮಾನ 2017ರಲ್ಲಿ ಸುಮಾರು 15.5 ಕೋಟಿ ಪೌಂಡ್. ಐಫೋನ್ ಟೆನ್ ಮಾರಾಟದ ಮೊದಲ ಪೂರ್ಣ ವರ್ಷ 2018. ಆ ವರ್ಷದ ವರಮಾನ? ಸುಮಾರು 15.6 ಕೋಟಿ. 2019ರಲ್ಲಿ 14 ಕೋಟಿ. ಷೇರು ನಾಲ್ಕು ಪಟ್ಟಾಗಿತ್ತು, ವ್ಯಾಪಾರ ನಿಂತಲ್ಲೇ ನಿಂತಿತ್ತು. 2024ರ ಕೊನೆಗೆ ಷೇರು 20 ಪೆನ್ಸಿಗಿಂತ ಕೆಳಗಿತ್ತು.

ಲೆಕ್ಕ ಎಲ್ಲಿ ತಪ್ಪುತ್ತದೆ

ಯಾಕೆ ಹೀಗಾಗುತ್ತದೆ ಎನ್ನುವುದನ್ನು ಒಂದು ಚೀಟಿ ಲೆಕ್ಕದಲ್ಲಿ ನೋಡೋಣ. ಅಂಕಿಗಳು ನಾನು ಉದಾಹರಣೆಗೆ ಇಟ್ಟುಕೊಂಡದ್ದು, ಯಾವ ಕಂಪನಿಯದೂ ಅಲ್ಲ. ಆರು ಇಂಚಿನ ವೇಫರಿನ ವಿಸ್ತೀರ್ಣ ಸುಮಾರು 17,700 ಚದರ ಮಿಲಿಮೀಟರ್. ಚಿಪ್ ಒಂದು ಚದರ ಮಿಲಿಮೀಟರ್ ಅಂದುಕೊಳ್ಳಿ. ಅಂಚು, ಹಾಳಾದದ್ದು ಎಲ್ಲ ಕಳೆದು ವೇಫರಿಗೆ 15,000 ಒಳ್ಳೆ ಚಿಪ್ ಸಿಕ್ಕಿತು ಅನ್ನೋಣ. ವರ್ಷಕ್ಕೆ 20 ಕೋಟಿ ಫೋನು, ಫೋನಿಗೊಂದು ಚಿಪ್. ಬೇಕಾದ ವೇಫರು ಸುಮಾರು 13,300. ಈಗ ಎಂಜಿನಿಯರ್ ಒಬ್ಬ ಜಾಣತನ ಮಾಡಿ ಚಿಪ್ಪನ್ನು ಅರ್ಧಕ್ಕೆ ಇಳಿಸಿದ. ವೇಫರು 6,700ಕ್ಕೆ ಇಳಿಯಿತು. ಫೋನು ಒಂದೂ ಕಮ್ಮಿಯಾಗಿಲ್ಲ. ಎಪಿ ಮಾರುವವನ ವ್ಯಾಪಾರ ಮಾತ್ರ ಅರ್ಧ. ಚಿಪ್ ಮಾಡುವವನ ಕೈ ಪಳಗಿ ಹಾಳಾಗುವುದು ಕಮ್ಮಿಯಾದರೂ ಅದೇ ಕಥೆ.

ಇದಕ್ಕೆ ಗೋದಾಮಿನ ಲೆಕ್ಕ ಸೇರಿಸಿ. ಹೊಸ ಫೋನು ಬರುವ ಮೊದಲು ಸರಪಳಿಯ ಪ್ರತಿಯೊಬ್ಬರೂ ಸ್ವಲ್ಪ ಜಾಸ್ತಿಯೇ ತುಂಬಿಸಿಟ್ಟುಕೊಳ್ಳುತ್ತಾರೆ. ಮಾರಾಟ ಸ್ವಲ್ಪ ತಗ್ಗಿದರೆ ಮೇಲಿನವನು ಆರ್ಡರನ್ನು ಶೇ. 10 ಇಳಿಸುತ್ತಾನೆ. ಅವನ ಹಿಂದಿನವನು ಇರುವ ದಾಸ್ತಾನು ಖಾಲಿಯಾಗಲಿ ಅಂತ ಶೇ. 30 ಇಳಿಸುತ್ತಾನೆ. ಕೊನೆಯ ಮೆಟ್ಟಿಲಿಗೆ ಬರುವಾಗ ಆರ್ಡರೇ ನಿಂತಿರುತ್ತದೆ. ಬೇಕಾದವನು ಆಗಿರುವುದು ಬೇರೆ, ಅದರಿಂದ ಲಾಭ ಗಳಿಸುವುದು ಬೇರೆ. ಹೂಡಿಕೆದಾರರ ಹರಟೆಯಲ್ಲಿ ಈ ಎರಡೂ ಒಂದೇ ಆಗಿಬಿಡುತ್ತವೆ.

ಪಾಲುದಾರಿಕೆ ಅಂದರೆ ಯಾವುದು

'ಪಾರ್ಟ್‌ನರ್‌ಶಿಪ್' ಎನ್ನುವ ಪದ ಕೇಳಿದರೆ ಷೇರು ಏರುತ್ತದೆ. ಆದರೆ ಅದರೊಳಗೆ ಎಷ್ಟೋ ತರ ಇದೆ. 2017ರ ಡಿಸೆಂಬರಿನಲ್ಲಿ ಆಪಲ್ ಫಿನಿಸಾರ್ ಎಂಬ ಕಂಪನಿಗೆ 39 ಕೋಟಿ ಡಾಲರ್ ಕೊಡುವುದಾಗಿ ಬಹಿರಂಗವಾಗಿ ಹೇಳಿತು. ಟೆಕ್ಸಾಸ್‌ನ ಶರ್ಮನ್ ಎಂಬಲ್ಲಿ 7 ಲಕ್ಷ ಚದರ ಅಡಿಯ ವಿಕ್ಸೆಲ್ ಕಾರ್ಖಾನೆ. ಆ ವರ್ಷದ ಕೊನೆಯ ಮೂರು ತಿಂಗಳಲ್ಲಿ ತಾನು ಕೊಳ್ಳುವ ವಿಕ್ಸೆಲ್ ವೇಫರುಗಳು, ಹಿಂದೆ ಅಷ್ಟೇ ಅವಧಿಯಲ್ಲಿ ಇಡೀ ಜಗತ್ತು ಮಾಡುತ್ತಿದ್ದುದರ ಹತ್ತು ಪಟ್ಟು ಎಂದೂ ಆಪಲ್ ಹೇಳಿಕೊಂಡಿತು. ಫಿನಿಸಾರ್ ಷೇರು ಆ ದಿನ ಶೇ. 20ಕ್ಕೂ ಜಾಸ್ತಿ ಜಿಗಿಯಿತು. ಐಕ್ಯೂಇ ಹಿಂದೆ ಬಿದ್ದಿದ್ದವರು ಆ ದಿನ ಇನ್ನೊಂದನ್ನು ಗಮನಿಸಬೇಕಿತ್ತು. ಆಪಲ್ ತನ್ನ ದುಡ್ಡು ಹಾಕಿ ಎರಡನೇ ಚಿಪ್ ಸರಬರಾಜುದಾರನನ್ನು ಬೆಳೆಸುತ್ತಿತ್ತು. ದೊಡ್ಡ ಗಿರಾಕಿ ಯಾವತ್ತೂ ಒಂದೇ ಬಾವಿಯ ನೀರು ನೆಚ್ಚಿಕೊಳ್ಳುವುದಿಲ್ಲ.

ಮುಂಗಡ ದುಡ್ಡು ಸಿಕ್ಕಿತು ಅಂದರೆ ಗೆದ್ದ ಹಾಗೆ ಅನ್ನುವವರಿಗೆ ಜಿಟಿ ಅಡ್ವಾನ್ಸ್ಡ್ ಟೆಕ್ನಾಲಜೀಸ್ ನೆನಪಿಸಬೇಕು. ಲೇಸರಲ್ಲ, ನೀಲಮಣಿ ಹರಳು. ಆದರೆ ಕಥೆಯ ಆಕಾರ ಒಂದೇ. 2013ರ ನವೆಂಬರಿನಲ್ಲಿ ಆಪಲ್ 57.8 ಕೋಟಿ ಡಾಲರ್ ಮುಂಗಡದ ಒಪ್ಪಂದ ಮಾಡಿಕೊಂಡಿತು. ಅರಿಜೋನಾದ ಮೆಸಾದಲ್ಲಿ ಕಾರ್ಖಾನೆ. ಮುಂದಿನ ಐಫೋನಿನ ಪರದೆ ನೀಲಮಣಿಯದೇ ಎಂದು ಪೇಟೆ ತೀರ್ಮಾನಿಸಿಬಿಟ್ಟಿತು. 2014ರ ಸೆಪ್ಟೆಂಬರಿನಲ್ಲಿ ಐಫೋನ್ 6 ಬಂತು, ಗಾಜಿನ ಪರದೆಯೊಂದಿಗೆ. ಅಕ್ಟೋಬರ್ 6ಕ್ಕೆ ಜಿಟಿ ದಿವಾಳಿ ಅರ್ಜಿ ಹಾಕಿತು. ಒಂದೇ ದಿನದಲ್ಲಿ ಷೇರಿನ ಶೇ. 90ರಷ್ಟು ಬೆಲೆ ಆವಿ. ಕೋರ್ಟಿನ ಕಾಗದಗಳಲ್ಲಿ ಎರಡು ಸಂಗತಿ ಹೊರಬಂದವು. ಹರಳು ಕೊಳ್ಳಲೇಬೇಕೆಂಬ ಬಾಧ್ಯತೆ ಆಪಲ್‌ಗೆ ಇರಲಿಲ್ಲ. ಗುಟ್ಟು ಬಿಟ್ಟುಕೊಟ್ಟರೆ ಮಾತ್ರ ಪ್ರತಿ ಸಲಕ್ಕೂ 5 ಕೋಟಿ ಡಾಲರ್ ದಂಡ ಜಿಟಿ ಕಟ್ಟಬೇಕಿತ್ತು. ಅಂದಮೇಲೆ ಸರಬರಾಜುದಾರನ ಮೌನವನ್ನು ಒಳ್ಳೆ ಸುದ್ದಿ ಅಂತಲೂ ಓದುವಂತಿಲ್ಲ, ಕೆಟ್ಟ ಸುದ್ದಿ ಅಂತಲೂ ಓದುವಂತಿಲ್ಲ. ಅದು ಬರೀ ದಂಡದ ಭಯ.

ಈಗಿನ ಹರಳು

ಈಚೆಗೆ ಆಫೀಸಿನ ಗೆಳೆಯರೊಬ್ಬರು ಊಟದ ಹೊತ್ತಿನಲ್ಲಿ ಫೋನು ತೋರಿಸಿ "ಇಂಡಿಯಮ್ ಫಾಸ್ಫೈಡ್ ಅಂದ್ರೆ ಏನ್ರೀ?" ಅಂತ ಕೇಳಿದರು. ಅಮೆರಿಕದ ಷೇರು ಕೊಳ್ಳುವ ಆ್ಯಪ್ ಅವರ ಹತ್ತಿರ ಇದೆ. ಮೊದಲು ಕೊಂಡು, ಆಮೇಲೆ ಕೇಳಿದ್ದರು.

ಕಾರಣ ಹೀಗಿದೆ. ಎಐ ಮಾದರಿಗಳನ್ನು ತರಬೇತಿ ಮಾಡಲು ಜಿಪಿಯು ಎಂಬ ಲೆಕ್ಕದ ಚಿಪ್ಪುಗಳನ್ನು ಸಾವಿರಾರು ಸಂಖ್ಯೆಯಲ್ಲಿ ಒಂದಕ್ಕೊಂದು ಜೋಡಿಸಬೇಕು. ವೇಗ ಜಾಸ್ತಿಯಾದಷ್ಟೂ ತಾಮ್ರದ ತಂತಿ ಬೇಗ ಸೋಲುತ್ತದೆ. ಫೈಬರ್ ಬೇಕು. ಫೈಬರಿನ ಎರಡೂ ತುದಿಗೆ, ವಿದ್ಯುತ್ ಸಂಕೇತವನ್ನು ಬೆಳಕಾಗಿಯೂ ಬೆಳಕನ್ನು ಮತ್ತೆ ವಿದ್ಯುತ್ತಾಗಿಯೂ ಬದಲಿಸುವ, ಬೆರಳಿನಷ್ಟು ಉದ್ದದ ಟ್ರಾನ್ಸೀವರ್, ಅದರೊಳಗೆ ಲೇಸರುಗಳು. ನೂರು ಮೀಟರ್ ದಾಟಿದರೆ ಇಂಡಿಯಮ್ ಫಾಸ್ಫೈಡೇ ಗತಿ.

ಆ ಹರಳು ಮಾಡುವುದು ಸುಲಭವಲ್ಲ. 1062 ಡಿಗ್ರಿಯಲ್ಲಿ ಅದು ಕರಗುತ್ತದೆ. ಆ ಬಿಸಿಯಲ್ಲಿ ರಂಜಕ ಆವಿಯಾಗಿ ಹಾರಿಹೋಗದಂತೆ ಗಾಳಿಯ ಒತ್ತಡದ ಇಪ್ಪತ್ತೇಳು ಪಟ್ಟು ಒತ್ತಡದಲ್ಲಿ ಅದುಮಿಡಬೇಕು. ಬೆಳೆದ ಹರಳು ಹಪ್ಪಳದ ಹಾಗೆ ಚಟಕ್ಕನೆ ಮುರಿಯುತ್ತದೆ. ಸಿಲಿಕಾನ್ ವೇಫರು 12 ಇಂಚಿಗೆ ಬೆಳೆದು ದಶಕಗಳೇ ಆದರೂ ಇಂಡಿಯಮ್ ಫಾಸ್ಫೈಡ್ ಬಹಳ ಕಾಲ ಎರಡು, ಮೂರು, ನಾಲ್ಕು ಇಂಚಿನಲ್ಲೇ ಇತ್ತು. ಬಿಲ್ಲೆ ಮಾಡುವವರು ಬೆರಳೆಣಿಕೆ: ಜಪಾನಿನ ಸುಮಿಟೊಮೊ ಎಲೆಕ್ಟ್ರಿಕ್, ಜೆಎಕ್ಸ್, ಮತ್ತು ಅಮೆರಿಕದಲ್ಲಿ ನೋಂದಣಿಯಾಗಿ ಚೀನಾದಲ್ಲಿ ಉತ್ಪಾದಿಸುವ ಎಎಕ್ಸ್‌ಟಿ, ಮುಖ್ಯವಾಗಿ ಇಷ್ಟೇ.

ಈ ಎಎಕ್ಸ್‌ಟಿಯ 2025 ನೋಡಿದರೆ ಸಾಕು. ಫೆಬ್ರವರಿ 4ರಂದು ಚೀನಾ ಇಂಡಿಯಮ್ ಫಾಸ್ಫೈಡ್ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಗಿರಾಕಿ ಕಾಯುತ್ತಿದ್ದ, ಬಿಲ್ಲೆ ಸಿದ್ಧವಿತ್ತು, ಪರ್ಮಿಟ್ ಇರಲಿಲ್ಲ. ಷೇರು ಎರಡು ಡಾಲರಿಗಿಂತ ಕೆಳಗೆ ಹೋಯಿತು. ಆಮೇಲೆ ಪರ್ಮಿಟ್ ಸಿಗತೊಡಗಿದವು, ಎಐ ಬೇಡಿಕೆಯ ಮಾತು ಜೋರಾಯಿತು. ವರ್ಷ ಮುಗಿಯುವ ಹೊತ್ತಿಗೆ ಷೇರು ಹತ್ತು ಡಾಲರ್ ದಾಟಿತ್ತು. ಇದನ್ನು ಕಂಡವರು 'ಮೊದಲೇ ಗೊತ್ತಿದ್ದರೆ' ಅಂತ ಕೈ ಹಿಸುಕಿಕೊಳ್ಳುತ್ತಾರೆ. ಗೊತ್ತಿರಬೇಕಾದದ್ದು ಹರಳಿನ ವಿಷಯವಲ್ಲ, ಬೀಜಿಂಗಿನ ಕಚೇರಿಯೊಂದರಲ್ಲಿ ಫೈಲು ಯಾವಾಗ ಸಾಗುತ್ತದೆ ಎನ್ನುವುದು. ಅದನ್ನು ಹೊರಗಿನ ಹೂಡಿಕೆದಾರ ಹೇಗೆ ತಿಳಿಯುತ್ತಾನೆ?

ಲೋಹದ ಮೆಟ್ಟಿಲಿಗೂ ಇದೇ ನಂಟು. ಇಂಡಿಯಮ್ ಸತುವಿನ ಜೊತೆ ಬರುವ ಉಪಬೆಳೆ. ಗ್ಯಾಲಿಯಮ್ ಬಾಕ್ಸೈಟಿನ ಉಪಬೆಳೆ. ಬೆಳಗಾವಿಯ ಹಿಂಡಾಲ್ಕೊ ಘಟಕದ ಹಾಗೆ ಎಲ್ಲೆಲ್ಲಿ ಬಾಕ್ಸೈಟನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ ಅಲ್ಯುಮಿನಾ ತೆಗೆಯುತ್ತಾರೋ, ಅಲ್ಲೆಲ್ಲ ಆ ದ್ರಾವಣದಲ್ಲಿ ಗ್ಯಾಲಿಯಮ್ ಚೂರುಪಾರು ಕರಗಿರುತ್ತದೆ. ಅದನ್ನು ಹಿಂಡಿ ತೆಗೆಯುವ ಕೆಲಸವನ್ನು ದೊಡ್ಡದಾಗಿ ಮಾಡಿದ್ದು ಚೀನಾ. ಜಗತ್ತಿನ ಹೊಸ ಗ್ಯಾಲಿಯಮ್‌ನಲ್ಲಿ ಶೇ. 98ರಷ್ಟು ಅಲ್ಲಿಯದೇ. 2023ರ ಆಗಸ್ಟ್ 1ರಿಂದ ಅದರ ರಫ್ತಿಗೂ ಪರವಾನಗಿ ಬೇಕು.

ಇನ್ನು ಗಿರಾಕಿಯ ತುದಿ. 2025ರ ಮಾರ್ಚ್‌ನಲ್ಲಿ, ಜಿಪಿಯು ಮಾಡುವ ಎನ್‌ವಿಡಿಯಾ, ಸರ್ವರುಗಳನ್ನು ಒಂದಕ್ಕೊಂದು ಜೋಡಿಸುವ ಹೊಸ ಬಗೆಯ ನೆಟ್‌ವರ್ಕ್ ಸ್ವಿಚ್ ತೋರಿಸಿತು. ಟ್ರಾನ್ಸೀವರ್ ಬೇರೆ ಇಲ್ಲದೆ, ಬೆಳಕಿನ ಭಾಗವನ್ನು ಚಿಪ್ಪಿನ ಪಕ್ಕಕ್ಕೇ ತಂದದ್ದು. ಜೊತೆಗೆ ಪಾಲುದಾರರ ಪಟ್ಟಿ: ಟಿಎಸ್‌ಎಂಸಿ, ಲುಮೆಂಟಮ್, ಕೊಹೆರೆಂಟ್, ಕಾರ್ನಿಂಗ್, ಸುಮಿಟೊಮೊ ಎಲೆಕ್ಟ್ರಿಕ್, ಫ್ಯಾಬ್ರಿನೆಟ್, ಇನ್ನೂ ಕೆಲವರು. ಊಹೆ ಮಾಡುವ ಕಷ್ಟವೇ ಇಲ್ಲ, ಹೆಸರೇ ಬರೆದಿದೆ. ಆದರೆ ಅದೇ ಪ್ರಕಟಣೆಯಲ್ಲಿ ಇನ್ನೊಂದು ಸಾಲಿತ್ತು: ಈ ಸ್ವಿಚ್ಚಿಗೆ ಬೇಕಾದ ಲೇಸರುಗಳ ಸಂಖ್ಯೆ ಹಳೆಯದರ ನಾಲ್ಕನೇ ಒಂದು. ಲೇಸರ್ ಕಂಪನಿಯ ಷೇರು ಕೊಳ್ಳುವವನು ಮೊದಲು ಓದಬೇಕಾದ ಸಾಲು ಅದು. ಲೇಸರು ಕಮ್ಮಿ, ಆದರೆ ಒಂದೊಂದೂ ಜಾಸ್ತಿ ಬಲದ್ದು, ಜಾಸ್ತಿ ಬೆಲೆಯದು. ಸ್ವಿಚ್ಚುಗಳ ಸಂಖ್ಯೆಯೂ ಏರಬಹುದು. ಒಟ್ಟಿನಲ್ಲಿ ವ್ಯಾಪಾರ ಹಿಗ್ಗಬಹುದು, ಕುಗ್ಗಲೂಬಹುದು. ಪಟ್ಟಿಯಲ್ಲಿ ಹೆಸರು ಇರುವುದರಿಂದ ಈ ಲೆಕ್ಕ ಬಗೆಹರಿಯುವುದಿಲ್ಲ.

ಬೆಳಕಿನ ಷೇರುಗಳು ಹೀಗೆ ಹುಚ್ಚೆದ್ದದ್ದು ಇದೇ ಮೊದಲಲ್ಲ. ಲುಮೆಂಟಮ್ ಒಡೆದು ಹೊರಬಂದದ್ದು ಜೆಡಿಎಸ್ ಯೂನಿಫೇಸ್ ಎಂಬ ಕಂಪನಿಯಿಂದ. 2000ದ ಜುಲೈಯಲ್ಲಿ ಅದು ಎಸ್‌ಡಿಎಲ್ ಎಂಬ ಲೇಸರ್ ಕಂಪನಿಯನ್ನು 4,100 ಕೋಟಿ ಡಾಲರಿಗೆ ಕೊಳ್ಳುವುದಾಗಿ ಹೇಳಿತು. ಮರುವರ್ಷ ಅದು ತೋರಿಸಿದ ನಷ್ಟ 5,000 ಕೋಟಿ ಡಾಲರಿಗೂ ಮೇಲೆ. ಇಂಟರ್ನೆಟ್ ಬೆಳೆಯುತ್ತದೆ ಎಂದವರ ಮಾತು ಆಗಲೂ ಸುಳ್ಳಾಗಲಿಲ್ಲ.

ಸರಿ, ಹಾಗಾದರೆ ಏನನ್ನು ನೋಡಬೇಕು? ನಾನಂತೂ ಹೆಸರಿಗಿಂತ ಕಾಗದ ನೋಡುತ್ತೇನೆ. ಅಮೆರಿಕದ ಕಂಪನಿಗಳು ವರಮಾನದ ಶೇ. 10ಕ್ಕೂ ಜಾಸ್ತಿ ಒಬ್ಬನೇ ಗಿರಾಕಿಯಿಂದ ಬಂದರೆ ವಾರ್ಷಿಕ ವರದಿಯಲ್ಲಿ ಹೇಳಬೇಕು. ಎಷ್ಟೋ ಸಲ ಹೆಸರಿಲ್ಲದೆ 'ಗಿರಾಕಿ ಎ' ಅಂತಷ್ಟೇ ಇರುತ್ತದೆ, ಆದರೂ ಅಂಕಿ ಏರಿತೋ ಇಳಿಯಿತೋ ತಿಳಿಯುತ್ತದೆ. ಗಿರಾಕಿ ಕೊಟ್ಟ ಮುಂಗಡ ಎಷ್ಟು, ಕಾರ್ಖಾನೆಗೆ ಸ್ವಂತ ದುಡ್ಡು ಹಾಕುತ್ತಿದ್ದಾರೋ ಷೇರು ಮಾರಿ ಎತ್ತುತ್ತಿದ್ದಾರೋ, ದಾಸ್ತಾನು ಮಾರಾಟಕ್ಕಿಂತ ವೇಗವಾಗಿ ಬೆಳೆಯುತ್ತಿದೆಯೋ, ಇವೆಲ್ಲ ಅಲ್ಲೇ ಇವೆ. ಕೆಲಸಕ್ಕೆ ಕರೆದ ಜಾಹೀರಾತು, ಪೇಟೆಂಟು, ಸಮ್ಮೇಳನದಲ್ಲಿ ಯಾರ ಪಕ್ಕ ಯಾರು ನಿಂತಿದ್ದರು ಎಂಬ ಫೋಟೋ, ಇವನ್ನೆಲ್ಲ ಪೋಣಿಸಿ ಸಂಬಂಧ ಕಟ್ಟುವವರೂ ಇದ್ದಾರೆ. ಮದುವೆ ಮನೆಯಲ್ಲಿ ಪಕ್ಕದಲ್ಲಿ ಕೂತು ಉಂಡವರನ್ನೆಲ್ಲ ಬೀಗರು ಮಾಡಿದ ಹಾಗೆ.

ನಮ್ಮಲ್ಲಾದರೆ ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿ ಒಂದು ಕಟ್ಟು ಹಾಕಿದೆ. 2024ರ ಜೂನ್ 1ರಿಂದ ಮೊದಲ 100, ಡಿಸೆಂಬರ್ 1ರಿಂದ ಮೊದಲ 250 ದೊಡ್ಡ ಕಂಪನಿಗಳು, ಮಾಧ್ಯಮದಲ್ಲಿ ಬಂದ ಗಾಳಿಸುದ್ದಿಯಿಂದ ಷೇರು ಬೆಲೆ ಗಣನೀಯವಾಗಿ ಅಲುಗಾಡಿದರೆ 24 ಗಂಟೆಯೊಳಗೆ ಹೌದೋ ಅಲ್ಲವೋ ಹೇಳಬೇಕು. ಲೇಸರ್ ಹರಳಿನ ಈ ಚಿಕ್ಕ ಕಂಪನಿಗಳು ಇರುವುದು ಲಂಡನ್ನು, ನ್ಯೂಯಾರ್ಕಿನ ಪೇಟೆಗಳಲ್ಲಿ. ಆ ಕಟ್ಟು ಅಲ್ಲಿಗೆ ತಾಕುವುದಿಲ್ಲ.

ಕೊನೆಗೆ ಶರ್ಮನ್‌ನ ಆ ಕಾರ್ಖಾನೆಗೆ ಏನಾಯಿತು ಅಂತ ಹೇಳಿಬಿಡುತ್ತೇನೆ. ಆಪಲ್ ಘೋಷಣೆಯಾಗಿ ಹನ್ನೊಂದು ತಿಂಗಳಿಗೆ, 2018ರ ನವೆಂಬರಿನಲ್ಲಿ, ಟೂ-ಸಿಕ್ಸ್ ಎಂಬ ಕಂಪನಿ ಷೇರಿಗೆ 26 ಡಾಲರಿನಂತೆ ಫಿನಿಸಾರನ್ನು ಕೊಳ್ಳಲು ಒಪ್ಪಿತು. ಟೂ-ಸಿಕ್ಸ್ 2022ರಲ್ಲಿ ಕೊಹೆರೆಂಟನ್ನು ಕೊಂಡು ಅದರ ಹೆಸರನ್ನೇ ಇಟ್ಟುಕೊಂಡಿತು. 2024ರಲ್ಲಿ ಕೊಹೆರೆಂಟ್, ಆರು ಇಂಚಿನ ಇಂಡಿಯಮ್ ಫಾಸ್ಫೈಡ್ ವೇಫರಿನಲ್ಲಿ ಲೇಸರ್ ಮಾಡುವುದಾಗಿ ಪ್ರಕಟಿಸಿತು. ಜಾಗಗಳು ಎರಡು: ಸ್ವೀಡನ್ನಿನ ಯಾರ್‌ಫೆಲ್ಲಾ, ಮತ್ತು ಟೆಕ್ಸಾಸ್‌ನ ಶರ್ಮನ್. ಮುಖ ನೋಡುವ ಲೇಸರಿಗೆಂದು ಆಪಲ್ ದುಡ್ಡು ಸುರಿದ ಊರಿನಲ್ಲಿ ಈಗ ಡೇಟಾ ಸೆಂಟರಿನ ಲೇಸರು ಬೆಳೆಯುತ್ತಿದೆ. 2017ರ ಡಿಸೆಂಬರಿನಲ್ಲಿ ಫಿನಿಸಾರ್ ಷೇರು ಕೊಂಡವರಲ್ಲಿ ಒಬ್ಬರೂ ಇದನ್ನು ಊಹಿಸಿರಲಿಕ್ಕಿಲ್ಲ.